ಹೆಲಿಕಾಪ್ಟರ್ ದಾಳಿಯ ವಿಡಿಯೊ ನೋಡುವುದು ಹೇಗೆ: ಒಕ್ಕಣೆ ಕೊನೆಗೆ ಓದಿ

ಮೊಬೈಲಿಗೆ ಒಂದು ವಿಡಿಯೊ ಬರುತ್ತದೆ. ಕಪ್ಪು-ಬಿಳುಪು ಪರದೆ, ನಡುವೆ ಗುರಿ ತೋರಿಸುವ ಕ್ರಾಸ್‌ಹೇರ್, ಅದರ ಸುತ್ತ ಇರುವೆಗಳಂತೆ ಓಡಾಡುವ ನಾಲ್ಕೈದು ಬಿಳಿ ಆಕಾರಗಳು. ಕರಕರ ಎನ್ನುವ ರೇಡಿಯೊ. ಎರಡು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಪರದೆ ತುಂಬ ಧೂಳು. ಕೆಳಗೆ ಒಂದು ಸಾಲಿನ ಒಕ್ಕಣೆ: ಯಾರು, ಯಾರನ್ನು, ಎಲ್ಲಿ ಹೊಡೆದರು ಅಂತ.

ನಿಜ ಹೇಳಬೇಕೆಂದರೆ ನಾವು ನಂಬುವುದು ವಿಡಿಯೊವನ್ನಲ್ಲ, ಆ ಒಂದು ಸಾಲನ್ನು. ವಿಡಿಯೊ ಅದಕ್ಕೆ ಸುಮ್ನೆ ತಲೆಯಾಡಿಸುತ್ತದೆ ಅಷ್ಟೆ. ಇಲ್ಲಿ ಹೇಳಿರುವ ಕ್ರಮ ಇದನ್ನು ತಿರುಗಿಸುತ್ತದೆ: ಮೊದಲು ಚಿತ್ರ, ಆಮೇಲೆ ಸದ್ದು, ಎಲ್ಲಕ್ಕಿಂತ ಕೊನೆಗೆ ಒಕ್ಕಣೆ. ಸೈನ್ಯದಲ್ಲಿ ಇದ್ದ ಅನುಭವ ಬೇಕಿಲ್ಲ. ತಾಳ್ಮೆ ಬೇಕು, ಒಂದು ಹಾಳೆ ಬೇಕು.

ಶುರು ಮಾಡುವ ಮುಂಚೆ

ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಕಂಡಿದ್ದು, ಕೇಳಿದ್ದು, ಊಹಿಸಿದ್ದು. "ಒಬ್ಬನ ಕೈಯಲ್ಲಿ ಉದ್ದನೆಯ ವಸ್ತು ಇದೆ" ಎನ್ನುವುದು ಮೊದಲ ಕಾಲಂ. "ಅವನ ಹತ್ತಿರ ಬಂದೂಕು ಇದೆ ಎಂದು ರೇಡಿಯೊದಲ್ಲಿ ಹೇಳಿದರು" ಎರಡನೆಯದು. "ಅವನು ಉಗ್ರಗಾಮಿ" ಮೂರನೆಯದು. ಕೇಳುವುದಕ್ಕೆ ಮಕ್ಕಳಾಟದಂತಿದೆ. ಆದರೆ ಮೊದಲ ಸಲ ಪ್ರಾಮಾಣಿಕವಾಗಿ ಮಾಡಿ ನೋಡಿ, ಮೂರನೆಯ ಕಾಲಂ ಎಷ್ಟು ಬೇಗ ತುಂಬುತ್ತದೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ.

ಇನ್ನೊಂದು ಮಾತು. ಇಂಥ ವಿಡಿಯೊದಲ್ಲಿ ಸಾಯುವವರು ನಿಜವಾದ ಜನ. ಮೊದಲ ಸಲ ಸದ್ದು ನಿಲ್ಲಿಸಿ, ಪರದೆ ಚಿಕ್ಕದು ಮಾಡಿ ನೋಡಿ. ಮನಸ್ಸನ್ನು ಜಾಸ್ತಿ ಕಲಕುವುದು ಬಹಳ ಸಲ ಚಿತ್ರವಲ್ಲ, ದನಿ. ರಾತ್ರಿ ಮಲಗುವ ಮುಂಚೆಯಂತೂ ಬೇಡ.

ಹೆಜ್ಜೆ 1: ಕ್ಯಾಮೆರಾ ಎಲ್ಲಿದೆ?

"ಹೆಲಿಕಾಪ್ಟರ್ ದಾಳಿ" ಎಂದು ಹಂಚುವ ಎಷ್ಟೋ ವಿಡಿಯೊಗಳಲ್ಲಿ ಹೆಲಿಕಾಪ್ಟರೇ ಇರುವುದಿಲ್ಲ. ಹಾಗಾಗಿ ಮೊದಲ ಪ್ರಶ್ನೆ ಇದು.

ನೆಲದ ಮೇಲೆ ನಿಂತವರ ಮೊಬೈಲ್ ವಿಡಿಯೊ ಆದರೆ ಸುಲಭ, ಹೆಲಿಕಾಪ್ಟರ್ ಕಾಣುತ್ತದೆ. ಮೇಲಿನಿಂದ ತೆಗೆದದ್ದಾದರೆ ಅದು ಡ್ರೋನ್ ಇರಬಹುದು, ಕ್ಷಿಪಣಿಯ ಮೂಗಿನಲ್ಲಿರುವ ಕ್ಯಾಮೆರಾ ಇರಬಹುದು, ಗನ್‌ಶಿಪ್ ವಿಮಾನವೂ (ತೋಪುಗಳನ್ನು ಹೊತ್ತ ದೊಡ್ಡ ವಿಮಾನ) ಇರಬಹುದು. ಅಮೆರಿಕದ ಎಸಿ-130 ವಿಮಾನದ ವಿಡಿಯೊಗಳಿಗೆ "ಅಪಾಚೆ" (ಅಮೆರಿಕದ ದಾಳಿ ಹೆಲಿಕಾಪ್ಟರ್) ಎಂದು ಹೆಸರಿಟ್ಟು ಹಂಚುವುದು ಹಳೆಯ ಚಾಳಿ. ಆ ವಿಮಾನದ ತೋಪುಗಳು ಎಡಬದಿಯಲ್ಲಿವೆ. ಅದು ಗುರಿಯನ್ನು ಎಡಕ್ಕಿಟ್ಟುಕೊಂಡು ದೊಡ್ಡ ಸುತ್ತು ಹಾಕುತ್ತಲೇ ಹೊಡೆಯುತ್ತದೆ. ಆದ್ದರಿಂದ ಚಿತ್ರದಲ್ಲಿ ಇಡೀ ಊರು ಒಂದೇ ಲಯದಲ್ಲಿ, ಒಂದೇ ದಿಕ್ಕಿಗೆ ತಿರುಗುತ್ತಿರುತ್ತದೆ. ಡ್ರೋನ್ ವಿಡಿಯೊ ಕೂಡ ಹೀಗೇ ನಿಧಾನ ಸುತ್ತುತ್ತದೆ, ನೋಟ ಎತ್ತರದಿಂದ ಇರುತ್ತದೆ. ಹೆಲಿಕಾಪ್ಟರ್ ಸಾಮಾನ್ಯವಾಗಿ ತಗ್ಗಿನಲ್ಲಿ ಹಾರುತ್ತದೆ. ಹಾಗಾಗಿ ನೋಟ ಓರೆಯಾಗಿರುತ್ತದೆ: ಮನೆಗಳ ಚಾವಣಿಗಿಂತ ಗೋಡೆಗಳೇ ಹೆಚ್ಚು ಕಾಣುತ್ತವೆ, ಮರವೋ ಕಟ್ಟಡವೋ ಅಡ್ಡ ಬರುತ್ತದೆ.

ಗುರಿ ದೊಡ್ಡದಾಗುತ್ತಾ ಬಂದು, ಡಿಕ್ಕಿ ಹೊಡೆಯುವ ಕ್ಷಣಕ್ಕೆ ಚಿತ್ರ ತಟ್ಟನೆ ಕಡಿದುಹೋದರೆ ಅದು ಕ್ಷಿಪಣಿಯದೋ ಆತ್ಮಾಹುತಿ ಡ್ರೋನಿನದೋ ಕ್ಯಾಮೆರಾ. ಅಂಥ ವಿಡಿಯೊ ಗುರಿಗೆ ಏನಾಯಿತು ಎಂದು ಹೇಳುವುದೇ ಇಲ್ಲ. ಕ್ಯಾಮೆರಾಗೆ ಏನಾಯಿತು ಎಂದಷ್ಟೇ ಹೇಳುತ್ತದೆ.

ಹೆಜ್ಜೆ 2: ಕಂಡದ್ದು ಬೆಳಕೋ, ಬಿಸಿಯೋ?

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ತಪ್ಪು ಓದುವುದೆಲ್ಲ ಶುರುವಾಗುವುದು ಇಲ್ಲಿಂದಲೇ.

ದಾಳಿ ಹೆಲಿಕಾಪ್ಟರಿನ ಮೂಗಿನ ಬಳಿ ಎರಡು ಬಗೆಯ ಕ್ಯಾಮೆರಾ ಇರುತ್ತವೆ. ಒಂದು ಹಗಲು ಬೆಳಕಿನದು, ಮಾಮೂಲಿ ಕ್ಯಾಮೆರಾದಂತೆ. ಇನ್ನೊಂದು ಥರ್ಮಲ್. ಅದು ಬೆಳಕನ್ನಲ್ಲ, ವಸ್ತುಗಳು ಹೊರಸೂಸುವ ಶಾಖವನ್ನು ಹಿಡಿಯುತ್ತದೆ. ಎರಡೂ ಕಪ್ಪು-ಬಿಳುಪಾಗಿ ಕಾಣಬಹುದು. ವ್ಯತ್ಯಾಸ ಹಿಡಿಯಲು ನೆರಳು ನೋಡಿ. ಜನರ ಜೊತೆ ನೆರಳೂ ಓಡುತ್ತಿದ್ದರೆ, ಅಂಗಡಿಯ ಬೋರ್ಡಿನ ಅಕ್ಷರ ಕಾಣುತ್ತಿದ್ದರೆ, ಅದು ಹಗಲು ಕ್ಯಾಮೆರಾ. ಥರ್ಮಲ್‌ನಲ್ಲಿ ಬಣ್ಣದಲ್ಲಿ ಬರೆದ ಅಕ್ಷರ ಸಾಮಾನ್ಯವಾಗಿ ಕಾಣುವುದಿಲ್ಲ, ಎಲ್ಲಕ್ಕೂ ಒಂದೇ ಬಿಸಿ. ಬದಲಿಗೆ ವಿಚಿತ್ರ ಗುರುತುಗಳು ಸಿಗುತ್ತವೆ. ನಿಂತಿದ್ದ ಕಾರು ಹೊರಟುಹೋದ ಮೇಲೂ ಅದರ ನೆರಳು ಬಿದ್ದಿದ್ದ ಜಾಗ ತಣ್ಣಗಿನ ಕಲೆಯಾಗಿ ಉಳಿದಿರುತ್ತದೆ. ಈಗಷ್ಟೇ ಓಡಿ ಬಂದ ಗಾಡಿಯ ಬಾನೆಟ್, ಟೈರು ಹೊಳೆಯುತ್ತವೆ.

ಥರ್ಮಲ್‌ನಲ್ಲಿ ಎರಡು ರೀತಿ ಇದೆ. ಬಿಸಿಯಾದದ್ದು ಬಿಳಿಯಾಗಿ ಕಾಣುವಂತೆ ಇಟ್ಟುಕೊಳ್ಳಬಹುದು, ಕಪ್ಪಾಗಿ ಕಾಣುವಂತೆಯೂ ಇಟ್ಟುಕೊಳ್ಳಬಹುದು. ಗನ್ನರ್ (ಗುಂಡು ಹಾರಿಸುವವನು) ನಡುವೆಯೇ ಬದಲಾಯಿಸುತ್ತಾನೆ. ಆಗ ಚಿತ್ರ ಹಳೆಯ ಫೋಟೊ ನೆಗೆಟಿವ್‌ನಂತೆ ತಿರುಗಿಬೀಳುತ್ತದೆ. ಇದನ್ನು ನೋಡಿ "ಎಡಿಟ್ ಮಾಡಿದ್ದಾರೆ" ಎನ್ನುವವರಿದ್ದಾರೆ. ಹಾಗೇನಿಲ್ಲ, ಗುಂಡಿ ಒತ್ತಿದ್ದಾರೆ ಅಷ್ಟೆ.

ಈಗ ಮುಖ್ಯ ವಿಷಯ: ಥರ್ಮಲ್ ಏನನ್ನು ತೋರಿಸುವುದಿಲ್ಲ? ಮುಖ ತೋರಿಸುವುದಿಲ್ಲ. ಬಟ್ಟೆಯ ಬಣ್ಣ ತೋರಿಸುವುದಿಲ್ಲ, ಅಂದರೆ ಸಮವಸ್ತ್ರ ಯಾವುದು, ಅಂಗಿ ಯಾವುದು ಗೊತ್ತಾಗುವುದಿಲ್ಲ. ಮಾಮೂಲಿ ಗಾಜಿನ ಮೂಲಕ ಅದಕ್ಕೆ ಕಾಣುವುದಿಲ್ಲ. ಕಾರಿನ ಒಳಗೆ ಯಾರಿದ್ದಾರೆ ಎಂದರೆ ಗಾಜಿನ ಬಿಸಿಯಷ್ಟೇ ಉತ್ತರ. ಬಿಳಿಯಾಗಿ ಹೊಳೆಯುವ ಮನುಷ್ಯ ಬದುಕಿದ್ದಾನೆ ಎಂದೂ ಅರ್ಥವಲ್ಲ, ದೇಹ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಇನ್ನು ಉದ್ದನೆಯ ತೆಳ್ಳಗಿನ ವಸ್ತು ಬಂದೂಕೋ, ಪೈಪೋ, ಗುದ್ದಲಿಯ ಕಾವೋ, ಕ್ಯಾಮೆರಾದ ಸ್ಟ್ಯಾಂಡೋ? ಆಕಾರ ಒಂದೇ. ಒಂದೇ ಒಂದು ಸುಳಿವು ಸ್ವಲ್ಪ ಗಟ್ಟಿ: ಈಗಷ್ಟೇ ಗುಂಡು ಹಾರಿಸಿದ ನಳಿಕೆ ಬಿಸಿಯಾಗಿರುತ್ತದೆ, ಕಡ್ಡಿಯ ತುದಿ ಮಾತ್ರ ಬೇರೆಯಾಗಿ ಹೊಳೆಯುತ್ತದೆ. ಅದೂ ಇಲ್ಲದಿದ್ದರೆ ಮೊದಲ ಕಾಲಂನಲ್ಲಿ "ಉದ್ದನೆಯ ವಸ್ತು" ಎಂದೇ ಬರೆಯಿರಿ.

ಸ್ಫೋಟವನ್ನೂ ಅಳೆಯಬೇಡಿ. ಬೆಂಕಿ ಕಂಡ ತಕ್ಷಣ ಥರ್ಮಲ್ ಪರದೆ ಬೆಳ್ಳಗಾಗಿ ತುಂಬಿಬಿಡುತ್ತದೆ. ಕ್ಯಾಮೆರಾ ಆ ಬಿಸಿಗೆ ಹೊಂದಿಕೊಳ್ಳಲು ಹೆಣಗುತ್ತಿರುತ್ತದೆ. ಪರದೆ ತುಂಬಿತು ಎಂದರೆ ಊರು ತುಂಬ ಬೆಂಕಿ ಎಂದಲ್ಲ.

ಹೆಜ್ಜೆ 3: ದೂರ, ವೇಗ, ಸಮಯ

ಆ ಕ್ಯಾಮೆರಾ ಬಹಳ ದೂರದಿಂದ, ತುಂಬ ಝೂಮ್ ಮಾಡಿ ನೋಡುತ್ತಿರುತ್ತದೆ. ಕೊಳವೆಯಲ್ಲಿ ಕಣ್ಣಿಟ್ಟು ನೋಡಿದ ಹಾಗೆ. ಗಲ್ಲಿಯ ಈ ತುದಿ ಕಾಣುತ್ತದೆ, ಹತ್ತು ಹೆಜ್ಜೆ ಆಚೆ ಶಾಲೆ ಇದೆಯೋ ಟ್ಯಾಂಕ್ ಇದೆಯೋ ಕಾಣುವುದಿಲ್ಲ. ಗನ್ನರ್‌ಗೂ ಆ ಕ್ಷಣಕ್ಕೆ ಆ ಪರದೆಯಲ್ಲಿ ಕಾಣುವುದಿಲ್ಲ, ನಮಗೂ ಕಾಣುವುದಿಲ್ಲ.

ವೇಗವೂ ಮೋಸ. ಹೆಲಿಕಾಪ್ಟರ್ ಪಕ್ಕಕ್ಕೆ ಹಾರುತ್ತಿದ್ದರೆ ನಿಂತ ವಸ್ತುವೂ ಓಡುವಂತೆ ಕಾಣುತ್ತದೆ, ರೈಲಿನ ಕಿಟಕಿಯಲ್ಲಿ ಮರಗಳು ಓಡುತ್ತವಲ್ಲ, ಹಾಗೆ. ವಸ್ತುವನ್ನು ಅದರ ಪಕ್ಕದ ಗೋಡೆ, ಕಂಬದ ಜೊತೆ ಹೋಲಿಸಿ. ಪರದೆಯ ಅಂಚಿನ ಜೊತೆ ಅಲ್ಲ.

ಸಮಯದಿಂದ ದೂರ ತಿಳಿಯುತ್ತದೆ. ಅಪಾಚೆಯ 30 ಮಿಲಿಮೀಟರ್ ತೋಪಿನ ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೊರಡುತ್ತದೆ, ದಾರಿಯಲ್ಲಿ ನಿಧಾನವಾಗುತ್ತಾ ಹೋಗುತ್ತದೆ. ತೋಪಿನ ಢಬಢಬ ಶುರುವಾಗಿ ಎರಡು ಸೆಕೆಂಡಿನ ಮೇಲೆ ಧೂಳೆದ್ದರೆ ದೂರ ಒಂದು ಕಿಲೋಮೀಟರ್‌ಗಿಂತ ಜಾಸ್ತಿ. ಆ ಎರಡು ಸೆಕೆಂಡು ಕೆಳಗಿನವರು ಆರಾಮಾಗಿ ನಿಂತಿರುತ್ತಾರೆ. "ಹೆಲಿಕಾಪ್ಟರ್ ನೋಡಿಯೂ ಓಡಲಿಲ್ಲ, ಅಂದರೆ ಹೋರಾಟಗಾರರೇ" ಎಂದು ವಾದಿಸುವವರನ್ನು ನೋಡಿದ್ದೇನೆ. ಅಷ್ಟು ದೂರದಲ್ಲಿ ಅವರು ಅದನ್ನು ಗಮನಿಸಿಯೇ ಇಲ್ಲದಿರಬಹುದು ಎನ್ನುವುದು ಅವರಿಗೆ ಹೊಳೆಯುವುದಿಲ್ಲ.

ನೆಲದಿಂದ ತೆಗೆದ ವಿಡಿಯೊದಲ್ಲಿ ಲೆಕ್ಕ ಇನ್ನೂ ಸುಲಭ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬೆಳಕು ಕಂಡ ಮೂರು ಸೆಕೆಂಡಿಗೆ ಸದ್ದು ಕೇಳಿದರೆ ಒಂದು ಕಿಲೋಮೀಟರ್. ಬೆಟ್ಟದಾಚೆಯ ಸ್ಫೋಟದ ಬೆಳಕು, ಸದ್ದು ಎರಡೂ ಒಟ್ಟಿಗೇ ಬಂದರೆ? ಸದ್ದನ್ನು ಯಾರೋ ಆಮೇಲೆ ಅಂಟಿಸಿದ್ದಾರೆ.

ಹೆಜ್ಜೆ 4: ಹೊಡೆದದ್ದು ಏನು?

ಸಾಲಾಗಿ ಒಂದರ ಹಿಂದೊಂದು ಎದ್ದ ಪುಟ್ಟ ಧೂಳಿನ ಬುಗ್ಗೆಗಳು ತೋಪಿನವು. ಅವು ಒಂದೇ ಬಿಂದುವಿಗೆ ಬೀಳುವುದಿಲ್ಲ, ಹರಡುತ್ತವೆ. ಕ್ರಾಸ್‌ಹೇರ್ ಒಬ್ಬನ ಮೇಲಿದ್ದರೂ ಪಕ್ಕದವನಿಗೆ ಬೀಳಬಹುದು. ಕ್ರಾಸ್‌ಹೇರ್ ಒಂದೇ ಕಡೆ ಅಲ್ಲಾಡದೆ ನಿಂತು, ಹಲವು ಸೆಕೆಂಡು ಕಳೆದು, ಒಂದೇ ದೊಡ್ಡ ಹೊಡೆತ ಬಿದ್ದರೆ ಅದು ಲೇಸರ್ ಬೆಳಕನ್ನು ಹಿಂಬಾಲಿಸುವ ಕ್ಷಿಪಣಿ, ಹೆಲ್‌ಫೈರ್‌ನಂಥದು. ಅದು ತಲುಪುವ ತನಕ ಯಾರಾದರೂ ಲೇಸರ್ ಹಿಡಿದಿರಲೇಬೇಕು. ರಷ್ಯಾದ ವಿಖರ್ ಕ್ಷಿಪಣಿ ಸುರುಳಿ ಸುತ್ತುತ್ತಾ ಹೋಗುವುದು ಪರದೆಯಲ್ಲೇ ಕಾಣುತ್ತದೆ.

ಮೊದಲ ಸ್ಫೋಟದ ನಂತರ ತಾನಾಗಿಯೇ ಇನ್ನೊಂದು, ಮತ್ತೊಂದು ಸಿಡಿದರೆ ಅಲ್ಲಿ ಮದ್ದುಗುಂಡೋ ಇಂಧನವೋ ಇತ್ತು ಎಂದು ಹೇಳಬಹುದು. "ಮದ್ದುಗುಂಡೇ" ಎನ್ನಲು ಆಗುವುದಿಲ್ಲ. ಗ್ಯಾಸ್ ಸಿಲಿಂಡರ್ ಕೂಡ ಸಿಡಿಯುತ್ತದೆ.

2022ರಿಂದ ಉಕ್ರೇನ್ ಯುದ್ಧದಲ್ಲಿ ಒಂದು ದೃಶ್ಯ ಪದೇ ಪದೇ ಕಂಡಿದೆ. ಹೆಲಿಕಾಪ್ಟರ್ ಮರಗಳ ಮಟ್ಟದಲ್ಲಿ ಬರುತ್ತದೆ, ಮೂಗು ಆಕಾಶಕ್ಕೆತ್ತಿ ರಾಕೆಟ್‌ಗಳನ್ನು ಸುರಿಯುತ್ತದೆ, ಮಿಂಚಿನಂಥ ಫ್ಲೇರ್ (ಕ್ಷಿಪಣಿಯ ದಾರಿ ತಪ್ಪಿಸುವ ಉರಿಯುಂಡೆ) ಬಿಡುತ್ತಾ ತಿರುಗಿ ಓಡುತ್ತದೆ. ಎರಡೂ ಕಡೆಯವರು ಹೀಗೆ ಮಾಡಿದ್ದಾರೆ. ನೋಡಲು ಭರ್ಜರಿ. ಆದರೆ ಇದು ವಾಯುರಕ್ಷಣೆಗೆ ಹೆದರಿ ಮಾಡುವ ಕೆಲಸ, ಕಲ್ಲನ್ನು ಗೋಡೆಯಾಚೆಗೆ ಎಸೆದಂತೆ. ನಿಖರತೆ ಕಡಿಮೆ. "ಶತ್ರು ನೆಲೆ ಧ್ವಂಸ" ಎಂಬ ಒಕ್ಕಣೆ ಇದ್ದರೆ, ರಾಕೆಟ್ ಬಿದ್ದ ಜಾಗದ ಚಿತ್ರ ಎಲ್ಲಿ ಎಂದು ಕೇಳಿ. ಬಹುಪಾಲು ವಿಡಿಯೊಗಳಲ್ಲಿ ಅದು ಇರುವುದಿಲ್ಲ.

ಹೆಜ್ಜೆ 5: ಯಾವ ಹೆಲಿಕಾಪ್ಟರ್?

ಕೆಲವು ಗುರುತು ನೆನಪಿಟ್ಟರೆ ಸಾಕು. ಒಂದರ ಮೇಲೊಂದು ಎರಡು ರೋಟರ್ (ತಿರುಗುವ ರೆಕ್ಕೆಗಳ ಚಕ್ರ) ಇದ್ದು, ಬಾಲದಲ್ಲಿ ರೋಟರ್ ಇಲ್ಲದಿದ್ದರೆ, ಇಬ್ಬರು ಪಕ್ಕಪಕ್ಕ ಕೂತಿದ್ದರೆ ಅದು ರಷ್ಯಾದ ಕಾ-52. ಒಬ್ಬರ ಹಿಂದೆ ಒಬ್ಬರು ಕೂರುವ ಸಪೂರ ದೇಹ ಅಪಾಚೆಗೂ ರಷ್ಯಾದ ಮಿ-28ಕ್ಕೂ ಇದೆ. ಹಾಗೆಯೇ ಕೂತು, ಹಿಂದೆ ಸೈನಿಕರು ಕೂರುವ ದಪ್ಪ ಹೊಟ್ಟೆ, ಪಕ್ಕದಲ್ಲಿ ಮೋಟು ರೆಕ್ಕೆ ಇದ್ದರೆ ಮಿ-24.

ಇಷ್ಟು ಹೇಳಿ ಒಂದು ಎಚ್ಚರಿಕೆ. 1994ರ ಏಪ್ರಿಲ್ 14ರಂದು ಇರಾಕ್‌ನ ಉತ್ತರ ಭಾಗದಲ್ಲಿ ಅಮೆರಿಕದ ಎರಡು ಎಫ್-15 ವಿಮಾನಗಳು ತಮ್ಮದೇ ದೇಶದ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳನ್ನು ಮಿ-24 ಎಂದುಕೊಂಡು ಹೊಡೆದುರುಳಿಸಿದವು. 26 ಜನ ಸತ್ತರು. ಆ ಬ್ಲ್ಯಾಕ್ ಹಾಕ್‌ಗಳಿಗೆ ಹೆಚ್ಚುವರಿ ಇಂಧನದ ಟ್ಯಾಂಕು ಹೊರುವ ಮೋಟು ರೆಕ್ಕೆಗಳನ್ನು ಜೋಡಿಸಿದ್ದರು. ತರಬೇತಿ ಪಡೆದ ಪೈಲಟ್‌ಗಳು ಹತ್ತಿರ ಹೋಗಿ ನೋಡಿಯೂ ತಪ್ಪಿದರು. ನಮ್ಮ ಮಸುಕು ಮೊಬೈಲ್ ಚಿತ್ರದ ಪಾಡೇನು? ಹಾಗೆಯೇ, ಹೆಲಿಕಾಪ್ಟರಿನ ಮಾದರಿ ಗೊತ್ತಾದರೆ ದೇಶ ಗೊತ್ತಾಯಿತು ಎಂದಲ್ಲ. ಸೋವಿಯತ್ ಕಾಲದ ಮಿ-8, ಮಿ-24 ಹತ್ತಾರು ದೇಶಗಳಲ್ಲಿವೆ. ಉಕ್ರೇನ್ ಯುದ್ಧದಲ್ಲಂತೂ ಎರಡೂ ಪಾಳಯದಲ್ಲಿ ಕಂಡಿವೆ.

ಹೆಜ್ಜೆ 6: ನೆಲದಿಂದ ಕಂಡ ವಿಡಿಯೊದ ಮೋಸಗಳು

ನಾನೂ ಒಮ್ಮೆ ಎಡವಿದ್ದೇನೆ. ಹೆಲಿಕಾಪ್ಟರಿನಿಂದ ಬೆಂಕಿಯುಂಡೆಗಳು ಉದುರುತ್ತಿದ್ದ ತುಣುಕು ನೋಡಿ "ಅದಕ್ಕೆ ಏಟು ಬಿತ್ತು" ಎಂದು ಗೆಳೆಯರಿಗೆ ಖಡಾಖಂಡಿತವಾಗಿ ಹೇಳಿದ್ದೆ. ಪೂರ್ತಿ ವಿಡಿಯೊ ಸಿಕ್ಕಾಗ ನೋಡಿದರೆ ಅದು ಹಾಯಾಗಿ ಹಾರಿಹೋಗುತ್ತಿತ್ತು. ಉದುರಿದ್ದು ಫ್ಲೇರ್. ಎಂಜಿನ್ನಿನ ಬಿಸಿಯನ್ನು ಹುಡುಕಿಕೊಂಡು ಬರುವ ಕ್ಷಿಪಣಿಯ ದಾರಿ ತಪ್ಪಿಸಲು ಬಿಡುವ ಉರಿಯುಂಡೆಗಳು. ಅವು ಸಮ ಅಂತರದಲ್ಲಿ, ಒಂದೇ ಗಾತ್ರದಲ್ಲಿ, ಹೊಗೆಯ ಬಾಲದೊಂದಿಗೆ ಇಳಿಯುತ್ತವೆ, ಕೆಲವೇ ಸೆಕೆಂಡಿನಲ್ಲಿ ಆರುತ್ತವೆ. ಬೆಂಕಿ ಹೊತ್ತಿದ ಯಂತ್ರಕ್ಕೆ ಅಷ್ಟು ಶಿಸ್ತು ಇರುವುದಿಲ್ಲ.

ರೋಟರ್ ನಿಂತಂತೆ ಕಂಡರೆ ಅದು ಕ್ಯಾಮೆರಾದ ಫ್ರೇಮ್ ವೇಗ ಮತ್ತು ರೋಟರಿನ ಸುತ್ತು ಹೊಂದಿಬಿದ್ದದ್ದು. ರೋಟರಿನ ರೆಕ್ಕೆ ಬಾಗಿದಂತೆ ಕಾಣುವುದೂ ಮೊಬೈಲ್ ಸೆನ್ಸರಿನ ಆಟ. ಹೆಲಿಕಾಪ್ಟರ್ ಬುಗುರಿಯಂತೆ ಗಿರಗಿರ ತಿರುಗುತ್ತಾ ಬಿದ್ದರೆ ಬಾಲದ ರೋಟರ್ ಕೈಕೊಟ್ಟಿರುವ ಸಾಧ್ಯತೆ ಹೆಚ್ಚು. ಅದು ಗುಂಡಿನಿಂದಲೂ ಆಗಬಹುದು, ಯಂತ್ರದ ದೋಷದಿಂದಲೂ ಆಗಬಹುದು. ಬೀಳುವ ದೃಶ್ಯ ಕಾರಣ ಹೇಳುವುದಿಲ್ಲ. ಕಾ-52ಕ್ಕೆ ಬಾಲದ ರೋಟರೇ ಇಲ್ಲವಾದ್ದರಿಂದ, 2023ರಲ್ಲಿ ಬಾಲ ಮುರಿದ ಕಾ-52 ಹಾರುತ್ತಲೇ ಇದ್ದ ವಿಡಿಯೊ ನೋಡಿ ನಕಲಿ ಎಂದುಕೊಳ್ಳಬೇಕಿರಲಿಲ್ಲ.

ಹೆಜ್ಜೆ 7: ಈಗ ಸದ್ದು ಹಾಕಿ

ಕಾಕ್‌ಪಿಟ್ ವಿಡಿಯೊದ ಮಾತುಗಳು ಎರಡು ಕಡೆಯಿಂದ ಬರುತ್ತವೆ: ಒಳಗಿನ ಇಬ್ಬರ ನಡುವಿನ ಮಾತು, ಹೊರಗಿನ ರೇಡಿಯೊ. ಯಾರು ಅನುಮತಿ ಕೇಳಿದರು, ಯಾರು ಕೊಟ್ಟರು, ಕೇಳುವಾಗ ಏನೆಂದು ವರ್ಣಿಸಿದರು ಎಂದು ಎರಡನೆಯ ಕಾಲಂನಲ್ಲಿ ಬರೆಯಿರಿ. ಅನುಮತಿ ಕೊಡುವವರು ಬಹಳ ಸಲ ಆ ಪರದೆ ನೋಡುತ್ತಿರುವುದಿಲ್ಲ. ಗನ್ನರ್‌ನ ಮಾತಷ್ಟೇ ಅವರಿಗೆ ಚಿತ್ರ.

ಮಾತು ನಮ್ಮ ಕಣ್ಣನ್ನೂ ಆಳುತ್ತದೆ. ಒಮ್ಮೆ "ಬಂದೂಕು" ಎಂದು ಕಿವಿಗೆ ಬಿದ್ದರೆ ಆಮೇಲೆ ಕಾಣುವುದೆಲ್ಲ ಬಂದೂಕೇ. ಮೊದಲ ಸಲ ಸದ್ದಿಲ್ಲದೆ ನೋಡಿ ಎಂದದ್ದಕ್ಕೆ ಇದೂ ಒಂದು ಕಾರಣ. ಪರದೆಯ ಮೇಲೆ ಬರೆದ ಅನುವಾದವನ್ನು ಆ ಭಾಷೆ ಬಲ್ಲವರಿಂದ ಕೇಳಿ ತಿಳಿಯದೆ ನಂಬಬೇಡಿ.

ಹೆಜ್ಜೆ 8: ಕತ್ತರಿ ಎಲ್ಲಿ ಬಿದ್ದಿದೆ?

ಇದಕ್ಕೆ ಪಾಠದಂಥ ಉದಾಹರಣೆ ಒಂದಿದೆ. 2007ರ ಜುಲೈ 12ರಂದು ಬಾಗ್ದಾದ್‌ನಲ್ಲಿ ಅಮೆರಿಕದ ಅಪಾಚೆ ಹೆಲಿಕಾಪ್ಟರ್‌ಗಳ ದಾಳಿಯಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ಛಾಯಾಗ್ರಾಹಕ ನಮೀರ್ ನೂರ್-ಎಲ್ದೀನ್ ಮತ್ತು ಚಾಲಕ ಸಯೀದ್ ಚ್ಮಾಘ್ ಸೇರಿ ಹಲವರು ಸತ್ತರು. 2010ರ ಏಪ್ರಿಲ್ 5ರಂದು ವಿಕಿಲೀಕ್ಸ್ ಆ ವಿಡಿಯೊ ಹೊರಗೆ ಹಾಕಿತು. ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದು ಗೋಡೆಯ ಮೂಲೆಯಿಂದ ಇಣುಕಿದವನನ್ನು ರಾಕೆಟ್ ಲಾಂಚರ್ ಹಿಡಿದವನೆಂದು ಮೇಲಿದ್ದವರು ಓದಿದರು. ಗಾಯಾಳುವನ್ನು ಎತ್ತಲು ಬಂದ ವ್ಯಾನ್ ಮೇಲೂ ಗುಂಡು ಹಾರಿತು. ಅದರೊಳಗೆ ಇಬ್ಬರು ಮಕ್ಕಳಿದ್ದರು, ಇಬ್ಬರಿಗೂ ಗಾಯವಾಯಿತು.

ಆಗ ಎರಡು ಆವೃತ್ತಿ ಹೊರಬಂದವು. ಒಂದು ಸುಮಾರು 18 ನಿಮಿಷದ್ದು, ಇನ್ನೊಂದು 39 ನಿಮಿಷದ್ದು. ಚಿಕ್ಕದರಲ್ಲಿ ಪತ್ರಕರ್ತರನ್ನೂ ಮಕ್ಕಳನ್ನೂ ಗುರುತು ಮಾಡಿ ತೋರಿಸಿದ್ದಾರೆ. ಗುರುತು ಇದ್ದಾಗ ನಮಗೆ "ಅಯ್ಯೋ, ಇಷ್ಟು ಸ್ಪಷ್ಟವಾಗಿದೆಯಲ್ಲ" ಅನಿಸುತ್ತದೆ. ಗುರುತಿಲ್ಲದ್ದನ್ನು ಮೊದಲು ನೋಡಿದವರಿಗೆ ಹಾಗೆ ಅನಿಸುವುದಿಲ್ಲ. ಗುಂಪಿನಲ್ಲಿ ಕೆಲವರ ಬಳಿ ಆಯುಧ ಇತ್ತೆಂದು ಸೇನೆಯ ತನಿಖೆ ಹೇಳಿತು, ಆದರೆ ಆ ವಸ್ತುಗಳಿಗೆ ಚಿಕ್ಕ ಆವೃತ್ತಿಯಲ್ಲಿ ಗುರುತು ಇರಲಿಲ್ಲ. ಇತ್ತ ಉದ್ದ ಆವೃತ್ತಿಯಲ್ಲಿ, ಆಮೇಲೆ ಒಂದು ಕಟ್ಟಡಕ್ಕೆ ಹೆಲ್‌ಫೈರ್ ಹೊಡೆದ ದೃಶ್ಯವೂ ಇದೆ. ಅದು ಚಿಕ್ಕದರಲ್ಲಿ ಇಲ್ಲ. ನೀವು ಯಾವ ಕಡೆಗೆ ವಾಲಿದರೂ ಇಡೀ ವಿಡಿಯೊ ನೋಡದೆ ವಾಲಬೇಡಿ. ಆ ಎರಡನ್ನೂ ಬೇರೆ ಬೇರೆ ದಿನ ನೋಡಿ, ಎರಡು ಹಾಳೆ ಬರೆದು ಹೋಲಿಸುವುದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಬೇರೆ ವಿಡಿಯೊಗಳಲ್ಲಿ ಕತ್ತರಿ ಹಿಡಿಯಲು ಪರದೆಯ ಅಂಕಿಗಳನ್ನು ನೋಡಿ. ಮೇಲಿನ ದಿಕ್ಕಿನ ಅಂಕಿ, ಗಡಿಯಾರ, ದೂರದ ಅಂಕಿ ತಟ್ಟನೆ ಜಿಗಿದರೆ ಅಲ್ಲಿ ತುಂಡು ಕಾಣೆಯಾಗಿದೆ. ಅಂಕಿಗಳಿಗೆ ಮಸಿ ಬಳಿದಿದ್ದರೆ ಅದು ರಹಸ್ಯ ಕಾಪಾಡಲೂ ಇರಬಹುದು, ದಿನಾಂಕ ಮುಚ್ಚಲೂ ಇರಬಹುದು.

ಹೆಜ್ಜೆ 9: ಈಗ ಒಕ್ಕಣೆಗೆ ಬನ್ನಿ

ಮೊದಲು ಇದು ಆಟವೇ ಎಂದು ನೋಡಿ. ನಗಬೇಡಿ. 2017ರ ನವೆಂಬರ್‌ನಲ್ಲಿ ರಷ್ಯಾದ ರಕ್ಷಣಾ ಸಚಿವಾಲಯವೇ ಅಮೆರಿಕದ ವಿರುದ್ಧ ಸಾಕ್ಷಿ ಎಂದು ಹಾಕಿದ ಚಿತ್ರಗಳಲ್ಲಿ ಒಂದು, ಎಸಿ-130 ವಿಮಾನದ ಮೊಬೈಲ್ ಗೇಮ್‌ನಿಂದ ತೆಗೆದದ್ದಾಗಿತ್ತು. ಆರ್ಮಾ 3 ಎಂಬ ಆಟದ ತುಣುಕುಗಳು ನಿಜ ಯುದ್ಧವೆಂದು ಎಷ್ಟು ಹರಡಿದವೆಂದರೆ 2022ರಲ್ಲಿ ಅದನ್ನು ತಯಾರಿಸಿದ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿಯೇ ಪತ್ತೆ ಹಚ್ಚುವ ಸುಳಿವು ಕೊಟ್ಟಿತು: ಮಸುಕು ಗುಣಮಟ್ಟ, ಅಲುಗಾಡುವ ಕ್ಯಾಮೆರಾ, ಕತ್ತಲು, ಸದ್ದಿಲ್ಲದಿರುವುದು, ಓಡಾಡುವ ಜನ ಕಾಣದಿರುವುದು. ನನ್ನದೊಂದು ಸೇರಿಸುತ್ತೇನೆ. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ ದಿಕ್ಕಿನ ಅಂಕಿಯೂ ತಕ್ಕಂತೆ ಬದಲಾಗಬೇಕು. ಎಐ ಮಾಡಿಕೊಟ್ಟ ವಿಡಿಯೊದಲ್ಲಿ ಅಂಕಿಗಳು ಬರೀ ಅಲಂಕಾರ, ಕೆಲವೊಮ್ಮೆ ಕರಗಿ ಬೇರೆ ಆಕಾರ ತಾಳುತ್ತವೆ.

ಆಮೇಲೆ ಮೂರು-ನಾಲ್ಕು ಸ್ಪಷ್ಟ ಫ್ರೇಮ್‌ಗಳ ಸ್ಕ್ರೀನ್‌ಶಾಟ್ ತೆಗೆದು ಗೂಗಲ್, ಯಾಂಡೆಕ್ಸ್, ಟಿನ್‌ಐಗಳಲ್ಲಿ ಚಿತ್ರ ಹುಡುಕಾಟ ಮಾಡಿ. ಇನ್‌ವಿಡ್ ಎಂಬ ಸಾಧನ ಫ್ರೇಮ್‌ಗಳನ್ನು ತಾನೇ ಬಿಡಿಸಿಕೊಡುತ್ತದೆ. ಇದೇ ವಿಡಿಯೊ ಐದು ವರ್ಷದ ಹಿಂದೆ ಬೇರೆ ದೇಶದ ಹೆಸರಲ್ಲಿ ಸಿಕ್ಕರೆ ಕೆಲಸ ಮುಗಿಯಿತು. ಸಿಗದಿದ್ದರೆ ರಸ್ತೆಯ ತಿರುವು, ಗುಮ್ಮಟ, ನೀರಿನ ಟ್ಯಾಂಕು ಹಿಡಿದು ಉಪಗ್ರಹ ಚಿತ್ರದಲ್ಲಿ ಜಾಗ ಹುಡುಕಿ. ಜಾಗ ಸಿಕ್ಕಮೇಲೆ ನೆರಳಿನ ದಿಕ್ಕು, ಉದ್ದದಿಂದ ಹೊತ್ತನ್ನು ಅಂದಾಜು ಮಾಡಲು ಸನ್‌ಕ್ಯಾಲ್ಕ್ ಎಂಬ ಜಾಲತಾಣ ಇದೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಎಷ್ಟೋ ಸಲ ಸಿಗುವುದೂ ಇಲ್ಲ.

ಹೆಜ್ಜೆ 10: ಅಪರಾಧವೇ, ಅಲ್ಲವೇ?

ಎಲ್ಲರೂ ಇಲ್ಲಿಗೇ ಮೊದಲು ಹಾರುತ್ತಾರೆ, ಅಲ್ವಾ? ಯುದ್ಧದ ಕಾನೂನು ಕೇಳುವ ಪ್ರಶ್ನೆಗಳು ಇವು: ಗುರಿ ಸೈನಿಕವೇ, ನಾಗರಿಕವೇ? ನಾಗರಿಕರಿಗೆ ಆಗುವ ಹಾನಿ, ನಿರೀಕ್ಷಿಸಿದ ಸೈನಿಕ ಲಾಭಕ್ಕೆ ಹೋಲಿಸಿದರೆ ಅತಿಯಾಯಿತೇ? ಮುನ್ನೆಚ್ಚರಿಕೆ ತೆಗೆದುಕೊಂಡರೇ? ಗಾಯಗೊಂಡು ಹೋರಾಡಲಾರದೆ ಬಿದ್ದವನ ಮೇಲೆ ದಾಳಿ ಮಾಡುವಂತಿಲ್ಲ, ಜಿನೀವಾ ಒಪ್ಪಂದಗಳ 1977ರ ಹೆಚ್ಚುವರಿ ಪ್ರೋಟೊಕಾಲ್ ಇದನ್ನು ಬಿಡಿಸಿ ಹೇಳುತ್ತದೆ. ದಾಳಿ ಮಾಡಿದವರಿಗೆ ಆ ಹೊತ್ತಿಗೆ ಏನು ಗೊತ್ತಿತ್ತು ಎನ್ನುವುದು ಇಲ್ಲಿ ತುಂಬ ಮುಖ್ಯ. ವಿಡಿಯೊ ಅದರ ಒಂದು ಚೂರನ್ನಷ್ಟೇ ತೋರಿಸುತ್ತದೆ. ಬಿದ್ದು ತೆವಳುತ್ತಿರುವವನ ಮೇಲೆ ಮತ್ತೆ ಗುಂಡು ಹಾರಿದ್ದು ಕಂಡರೆ ಅದನ್ನು ಸಮಯದ ಸಮೇತ ಮೊದಲ ಕಾಲಂನಲ್ಲಿ ಬರೆದಿಡಿ. ಗಂಭೀರ ಸಂಗತಿ ಅದು. ತೀರ್ಪು ಬರೆಯಲು ತನಿಖೆ ಬೇಕು.

ಹಂಚುವುದಾದರೆ

ನಡೆಯುತ್ತಿರುವ ಕಾರ್ಯಾಚರಣೆಯ ಜಾಗ ತಿಳಿಯುವಂಥ ವಿಡಿಯೊ ಹಾಕಬೇಡಿ. ಉಕ್ರೇನ್ 2022ರ ಮಾರ್ಚ್‌ನಲ್ಲಿ ಇದನ್ನು ಅಪರಾಧವೆಂದೇ ಕಾನೂನು ಮಾಡಿತು. ಸತ್ತವರ ಮುಖ ಕಾಣುವ ಫ್ರೇಮ್ ಕೂಡ ಬೇಡ. ಹಾಕಲೇಬೇಕಾದರೆ ಒಕ್ಕಣೆಯನ್ನು ಹಾಳೆ ನೋಡಿ ಬರೆಯಿರಿ. ಉದಾಹರಣೆಗೆ ಹೀಗೆ: "ಥರ್ಮಲ್ ಕ್ಯಾಮೆರಾದ ವಿಡಿಯೊ, ಬಹುಶಃ ಹೆಲಿಕಾಪ್ಟರಿನದು. ರಸ್ತೆಯಲ್ಲಿ ಐದು ಜನ, ಒಬ್ಬರ ಕೈಯಲ್ಲಿ ಉದ್ದನೆಯ ವಸ್ತು. ಎರಡು ಸುತ್ತು ತೋಪಿನ ಹೊಡೆತ. 41ನೇ ಸೆಕೆಂಡಿನಲ್ಲಿ ಒಂದು ತುಂಡು ಕತ್ತರಿಸಿದಂತಿದೆ. ಜಾಗ, ದಿನ ಪತ್ತೆಯಾಗಿಲ್ಲ."

ಇಂಥ ಒಕ್ಕಣೆಗೆ ಲೈಕ್ ಬೀಳುವುದು ಕಡಿಮೆ. ನನಗೆ ಕೊನೆಯ ಸಲ ಬಂದದ್ದು ನಾಲ್ಕು.